ಹಳಿಯ ಮೇಲಿನ ಕಡ್ಡಿ ಯಾಕೆ ಉರುಳುತ್ತಿಲ್ಲ? ಕಾಂತಬಲದ ಪ್ರಯೋಗದಲ್ಲಿ ದೋಷ ಹುಡುಕುವ ಬಗೆ

ಎರಡು ತಾಮ್ರದ ಪಟ್ಟಿಗಳನ್ನು 5 ಸೆಂಟಿಮೀಟರ್ ಅಂತರದಲ್ಲಿ ಹಳಿಗಳ ಹಾಗೆ ಅಂಟಿಸಿದ್ದೀರಿ. ನಡುವೆ, ಕೆಳಗಡೆ, ಬಿಲ್ಲೆ ಅಯಸ್ಕಾಂತಗಳ ಒಂದು ಸಾಲು. ಹಳಿಗಳ ಮೇಲೆ ಅಡ್ಡಲಾಗಿ ಒಂದು ಸಣ್ಣ ಅಲ್ಯೂಮಿನಿಯಂ ಕಡ್ಡಿ. ಹಳಿಗಳಿಗೆ ಎರಡು ಸೆಲ್ ಜೋಡಿಸಿ ಸ್ವಿಚ್ ಒತ್ತಿದರೆ, ಕರೆಂಟು ಹರಿಯುವ ಕಡ್ಡಿಯನ್ನು ಕಾಂತಕ್ಷೇತ್ರ ದೂಡಿ, ಅದು ಸರ್ರನೆ ಉರುಳಬೇಕು. ಉರುಳುತ್ತಿಲ್ಲ. ಅಥವಾ ಒಮ್ಮೆ ನಡುಗಿ ನಿಂತುಬಿಡುತ್ತದೆ. ಇಲ್ಲವೇ ಅರ್ಧ ದಾರಿ ಹೋಗಿ ವಾಪಸ್ ಬರುತ್ತದೆ.

ಇಂಥ ಹೊತ್ತಿನಲ್ಲಿ ಬಹಳ ಜನ ಮೊದಲು ಮಾಡುವ ಕೆಲಸ ಇನ್ನೂ ದೊಡ್ಡ ಅಯಸ್ಕಾಂತ ತರುವುದು. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ಈ ಪ್ರಯೋಗವನ್ನು ಮಕ್ಕಳ ಮುಂದೆ ಎಷ್ಟೋ ಸಲ ಮಾಡಿದ್ದೇನೆ, ಕೆಟ್ಟಾಗೆಲ್ಲ ಬಿಚ್ಚಿ ನೋಡಿದ್ದೇನೆ. ಹೆಚ್ಚಿನ ಸಲ ತಪ್ಪು ಇರುವುದು ಅಯಸ್ಕಾಂತದಲ್ಲಿ ಅಲ್ಲ, ಕರೆಂಟಿನಲ್ಲಿ. ಕರೆಂಟು ಹರಿಯುತ್ತಿದೆ ಅಂತ ನಾವು ನಂಬಿರುತ್ತೇವೆ. ಅಳೆದಿರುವುದಿಲ್ಲ.

1821ರಲ್ಲಿ ಮೈಕೆಲ್ ಫ್ಯಾರಡೆ ಕರೆಂಟು ಹರಿಯುವ ತಂತಿಯನ್ನು ಅಯಸ್ಕಾಂತದ ಸುತ್ತ ತಿರುಗಿಸಿ ತೋರಿಸಿದರು. ಆಗ ಅವರ ಬಳಿ ಇದ್ದ ಅಯಸ್ಕಾಂತ ಇಂದಿನ ನಿಯೋಡಿಮಿಯಂ ಬಿಲ್ಲೆಯ ಮುಂದೆ ಏನೂ ಅಲ್ಲ. ಆದರೂ ತಂತಿ ತಿರುಗಿತು. ತಂತಿಯ ತುದಿಯನ್ನು ಅವರು ಪಾದರಸದಲ್ಲಿ ಅದ್ದಿದ್ದರು. ಪಾದರಸ ಕರೆಂಟನ್ನು ಚೆನ್ನಾಗಿ ಬಿಟ್ಟುಕೊಡುತ್ತದೆ, ತಂತಿಯನ್ನು ಹಿಡಿದು ನಿಲ್ಲಿಸುವುದೂ ಇಲ್ಲ. ಒಳ್ಳೆಯ ಸಂಪರ್ಕ, ಕಡಿಮೆ ಘರ್ಷಣೆ, ಎರಡೂ ಒಂದೇ ಏಟಿಗೆ ಸಿಕ್ಕಿದವು. ಪಾದರಸ ವಿಷ, ನಾವು ಅದನ್ನು ಮುಟ್ಟುವ ಹಾಗಿಲ್ಲ. ಆದ್ದರಿಂದ ಅದು ಮಾಡುತ್ತಿದ್ದ ಎರಡು ಕೆಲಸಗಳನ್ನು ನಾವು ಬೇರೆ ದಾರಿಯಲ್ಲಿ ಮಾಡಬೇಕು. ದೋಷ ಹುಡುಕುವಾಗಲೂ ಹೆಚ್ಚು ಹೊತ್ತು ಕಳೆಯುವುದು ಈ ಎರಡರ ಹತ್ತಿರವೇ.

ಎಷ್ಟು ಬಲ ಸಿಗಬೇಕು?

ಮೊದಲು ಒಂದು ಸಣ್ಣ ಲೆಕ್ಕ. ಬಲ = ಕಾಂತಕ್ಷೇತ್ರ × ಕರೆಂಟು × ತಂತಿಯ ಉದ್ದ. ತಂತಿ ಕ್ಷೇತ್ರಕ್ಕೆ ನೇರ ಅಡ್ಡವಾಗಿದ್ದಾಗ ಇಷ್ಟು ಪೂರ್ತಿ ಸಿಗುತ್ತದೆ. ಓರೆಯಾದಷ್ಟೂ ಕಡಿಮೆ. ಕ್ಷೇತ್ರದ ದಿಕ್ಕಿನಲ್ಲೇ ತಂತಿ ಮಲಗಿದ್ದರೆ ಬಲ ಸೊನ್ನೆ, ಎಷ್ಟೇ ಕರೆಂಟು ಕೊಟ್ಟರೂ ಅಷ್ಟೇ.

ಇಲ್ಲಿ ಉದ್ದ ಅಂದರೆ ಕಡ್ಡಿಯ ಇಡೀ ಉದ್ದ ಅಲ್ಲ. ಕಾಂತಕ್ಷೇತ್ರದೊಳಗೆ ಇರುವ ತುಂಡು ಮಾತ್ರ. ಹಳಿಗಳ ನಡುವೆ 5 ಸೆಂಟಿಮೀಟರ್ ಇದ್ದರೂ ಬಿಲ್ಲೆ 2 ಸೆಂಟಿಮೀಟರ್ ಅಗಲ ಇದ್ದರೆ ಲೆಕ್ಕಕ್ಕೆ ಬರುವುದು ಸುಮಾರು 2 ಸೆಂಟಿಮೀಟರ್. ಕ್ಷೇತ್ರ 0.1 ಟೆಸ್ಲಾ, ಕರೆಂಟು 2 ಆಂಪಿಯರ್ ಅಂದುಕೊಳ್ಳಿ. ಬಲ 0.004 ನ್ಯೂಟನ್. ಅಂದರೆ 0.4 ಗ್ರಾಂ ತೂಕದಷ್ಟು. 3 ಮಿಲಿಮೀಟರ್ ದಪ್ಪ, 8 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಕಡ್ಡಿ ಸುಮಾರು 1.5 ಗ್ರಾಂ ತೂಗುತ್ತದೆ. ನಯವಾದ, ಮಟ್ಟವಾದ ಹಳಿಯ ಮೇಲೆ ಅದನ್ನು ಉರುಳಿಸಲು ಈ ಬಲ ಧಾರಾಳವಾಗಿ ಸಾಕು.

ಅದೇ ಕರೆಂಟು 0.3 ಆಂಪಿಯರ್ ಆಗಿದ್ದರೆ? ಬಲ 0.0006 ನ್ಯೂಟನ್‌ಗೆ ಇಳಿಯುತ್ತದೆ. ಆಗ ಹಳಿ ಬರೀ 2 ಡಿಗ್ರಿಯಷ್ಟು ಏರಾಗಿದ್ದರೂ ಕಡ್ಡಿ ಅಲ್ಲೇ ನಿಲ್ಲುತ್ತದೆ. 2 ಡಿಗ್ರಿ ಓರೆ ಕಣ್ಣಿಗೆ ಕಾಣುವುದೇ ಇಲ್ಲ, ಅಲ್ವಾ? ಆದ್ದರಿಂದ ಕರೆಂಟು ಜೋಡಿಸುವ ಮೊದಲು ಕಡ್ಡಿಯನ್ನು ಹಳಿಯ ಮೇಲೆ ಇಟ್ಟು ಕೈ ಬಿಡಿ. ತಾನಾಗಿ ಒಂದು ಕಡೆ ಉರುಳಿದರೆ ಕೆಳಗೆ ಕಾಗದ ಮಡಚಿ ಇಟ್ಟು ಮಟ್ಟ ಮಾಡಿಕೊಳ್ಳಿ. ಊದಿದರೆ ಸಾಕು ಉರುಳಬೇಕು, ಹಾಗಿರಲಿ.

ಕರೆಂಟನ್ನು ತಿರುಗಿಸಿ ನೋಡಿ

ಕಡ್ಡಿ ಸ್ವಲ್ಪವಾದರೂ ಅಲುಗುತ್ತಿದ್ದರೆ ಮುಂದೆ ಏನನ್ನೂ ಬಿಚ್ಚುವ ಮೊದಲು ಈ ಪರೀಕ್ಷೆ ಮಾಡಿ. ಸೆಲ್ಲಿನ ತಂತಿಗಳನ್ನು ಅದಲು ಬದಲು ಮಾಡಿ ಸ್ವಿಚ್ ಒತ್ತಿ. ಕಡ್ಡಿ ಈಗ ವಿರುದ್ಧ ದಿಕ್ಕಿಗೆ ಅಲುಗಬೇಕು. ಆಮೇಲೆ ತಂತಿಯನ್ನು ಹಾಗೇ ಬಿಟ್ಟು ಅಯಸ್ಕಾಂತಗಳನ್ನು ಮಗುಚಿ ಹಾಕಿ. ದಿಕ್ಕು ಮತ್ತೆ ಬದಲಾಗಬೇಕು. ಎರಡೂ ಆದರೆ ಅದು ನಿಜವಾದ ಕಾಂತಬಲ. ಬಲ ಕಡಿಮೆ ಇದೆ ಅಷ್ಟೆ, ಅದನ್ನು ಹೆಚ್ಚಿಸುವುದು ಮಾತ್ರ ಬಾಕಿ.

ಕರೆಂಟು ತಿರುಗಿಸಿದರೂ ಕಡ್ಡಿ ಮೊದಲಿನ ದಿಕ್ಕಿಗೇ ಹೋದರೆ ನೀವು ನೋಡುತ್ತಿರುವುದು ಬೇರೆ ಏನನ್ನೋ. ಹಳಿ ಓರೆ ಇರಬಹುದು. ಅಥವಾ ಕಡ್ಡಿ ಸ್ಟೀಲಿನದ್ದು, ಸುಮ್ನೆ ಅಯಸ್ಕಾಂತ ಅದನ್ನು ಎಳೆಯುತ್ತಿದೆ. ಕಡ್ಡಿ ಅಲ್ಯೂಮಿನಿಯಂ ಆಗಿದ್ದರೂ ತಂತಿಗೆ ಕಚ್ಚಿಸಿರುವ ಕ್ಲಿಪ್ ಸಾಮಾನ್ಯವಾಗಿ ಸ್ಟೀಲಿನದು. ಅಯಸ್ಕಾಂತ ಕ್ಲಿಪ್ಪನ್ನು ಎಳೆಯುತ್ತದೆ, ಕ್ಲಿಪ್ ತಂತಿಯನ್ನು ಎಳೆಯುತ್ತದೆ, ನಾವು ಪ್ರಯೋಗ ಆಯಿತು ಅಂದುಕೊಳ್ಳುತ್ತೇವೆ. ತೂಗುಬಿಟ್ಟ ತಂತಿಯ ಪ್ರಯೋಗದಲ್ಲಿ ಇದು ಜಾಸ್ತಿ. ಸ್ವಿಚ್ ಒತ್ತದೆಯೇ ಅಯಸ್ಕಾಂತವನ್ನು ಹತ್ತಿರ ತಂದು ನೋಡಿ. ಏನಾದರೂ ಅಲುಗಿದರೆ ಅಲ್ಲೆಲ್ಲೋ ಕಬ್ಬಿಣ ಇದೆ.

ಕರೆಂಟನ್ನು ಕಡ್ಡಿ ಇರುವಾಗಲೇ ಅಳೆಯಿರಿ

ಕಡ್ಡಿ ತೆಗೆದು ಹಳಿಗಳ ನಡುವೆ ವೋಲ್ಟೇಜ್ ನೋಡಿದರೆ 3 ವೋಲ್ಟ್ ಬರುತ್ತದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಮುಗಿಯುತ್ತಾ ಬಂದ ಸೆಲ್ ಕೂಡ ಕೆಲಸ ಇಲ್ಲದಾಗ ಒಳ್ಳೆಯ ವೋಲ್ಟೇಜನ್ನೇ ತೋರಿಸುತ್ತದೆ.

ಮಲ್ಟಿಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಮೀಟರನ್ನು ಸರಣಿಯಲ್ಲಿ ಜೋಡಿಸಿ, ಕಡ್ಡಿಯನ್ನು ಹಳಿಯ ಮೇಲೆ ಬೆರಳಿನಿಂದ ಮೆಲ್ಲಗೆ ಹಿಡಿದು ಸ್ವಿಚ್ ಒತ್ತಿ. ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಒತ್ತಿ ಹಿಡಿಯಬೇಡಿ. ಇದು ಹೆಚ್ಚು ಕಡಿಮೆ ಶಾರ್ಟ್ ಸರ್ಕ್ಯೂಟೇ. ತಂತಿಯೂ ಸೆಲ್ಲೂ ಬೇಗ ಬಿಸಿಯಾಗುತ್ತವೆ. ಲಿಥಿಯಂ ಬ್ಯಾಟರಿಯನ್ನಂತೂ ಈ ಪ್ರಯೋಗಕ್ಕೆ ಮುಟ್ಟಲೇಬೇಡಿ, ಬೆಂಕಿ ಹತ್ತಿಕೊಳ್ಳಬಹುದು. ಅಳತೆ ಮುಗಿದ ಕೂಡಲೇ ಕೆಂಪು ತಂತಿಯನ್ನು ವೋಲ್ಟೇಜಿನ ತೂತಿಗೆ ವಾಪಸ್ ಹಾಕಿ. ಮರೆತು ಅದರಲ್ಲೇ ವೋಲ್ಟೇಜ್ ಅಳೆಯಲು ಹೋದರೆ ಮೀಟರೇ ಸೆಲ್ಲನ್ನು ಶಾರ್ಟ್ ಮಾಡುತ್ತದೆ. ಇನ್ನೊಂದು ಮಾತು: ಯಾರಾದರೂ ಹಿಂದೆ ಮಿಲಿಆಂಪಿಯರ್ ತೂತಿನಲ್ಲಿ ಜಾಸ್ತಿ ಕರೆಂಟು ಬಿಟ್ಟಿದ್ದರೆ ಒಳಗಿನ ಫ್ಯೂಸ್ ಹೋಗಿರುತ್ತದೆ. ಆ ತೂತಿನಲ್ಲಿ ಏನು ಅಳೆದರೂ ಸೊನ್ನೆ ಬರುತ್ತದೆ. ದೋಷ ಮೀಟರಿನದು, ನಾವು ಹಳಿಯನ್ನು ಬಿಚ್ಚುತ್ತಾ ಕೂರುತ್ತೇವೆ.

ಒಂದು ಸಲ ನನ್ನ ಮುಂದೆ ಬಂದ ಹಳಿಯ ಅಳತೆಗಳನ್ನು ಹಾಗೇ ಹೇಳುತ್ತೇನೆ. ಕಡ್ಡಿ ಇಲ್ಲದಾಗ ಸೆಲ್ಲಿನಲ್ಲಿ 3.1 ವೋಲ್ಟ್. ಕಡ್ಡಿ ಇಟ್ಟಾಗ ಕರೆಂಟು 0.3 ಆಂಪಿಯರ್, ಸೆಲ್ಲಿನಲ್ಲಿ 2.9 ವೋಲ್ಟ್, ಹಳಿಯಿಂದ ಹಳಿಗೆ 2.7 ವೋಲ್ಟ್. ಇಲ್ಲೇ ಕಥೆ ಎಲ್ಲ ಇದೆ. ಇಷ್ಟು ದಪ್ಪದ ಅಲ್ಯೂಮಿನಿಯಂ ತುಂಡಿನ ರೋಧ ಲೆಕ್ಕಕ್ಕೇ ಇಲ್ಲ. ಆದರೂ 2.7 ವೋಲ್ಟ್ ಅದರ ಆಚೆ ಈಚೆ ಬಿದ್ದುಹೋಗುತ್ತಿದೆ. ಅಂದರೆ ಕಡ್ಡಿ ಹಳಿಯನ್ನು ಮುಟ್ಟುವ ಎರಡು ಜಾಗಗಳಲ್ಲಿ ಒಟ್ಟು 9 ಓಮ್ ರೋಧ ಕೂತಿದೆ. ಅಲ್ಯೂಮಿನಿಯಂ ಗಾಳಿಗೆ ತಾಗಿದ ಕೂಡಲೇ ಮೇಲೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಕರೆಂಟನ್ನು ಬಿಡುವುದೂ ಇಲ್ಲ. ತಾಮ್ರದ ಹಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೂ ಅಡ್ಡಿಯೇ. ಮೇಲಿಂದ ಕೈಯ ಎಣ್ಣೆ ಬೇರೆ.

ನಯವಾದ ಸ್ಯಾಂಡ್‌ಪೇಪರಿನಿಂದ ಕಡ್ಡಿಯನ್ನೂ ಹಳಿಯನ್ನೂ ಉಜ್ಜಿ, ಬಟ್ಟೆಯಿಂದ ಒರೆಸಿ, ತಕ್ಷಣ ಇಟ್ಟು ನೋಡಿದೆವು. ಕರೆಂಟು 2.1 ಆಂಪಿಯರ್. ಸೆಲ್ಲಿನ ವೋಲ್ಟೇಜ್ 2.0ಕ್ಕೆ ಇಳಿದಿತ್ತು, ಹಳಿಗಳ ನಡುವೆ ಬರೀ 0.6 ವೋಲ್ಟ್. ವೋಲ್ಟೇಜ್ ಇಳಿದದ್ದನ್ನು ನೋಡಿ ಗಾಬರಿ ಬೇಡ. ಕಡ್ಡಿಯ ಬಳಿ ವೋಲ್ಟೇಜ್ ಕಡಿಮೆ, ಕರೆಂಟು ಜಾಸ್ತಿ ಅಂದರೆ ಸಂಪರ್ಕ ಚೆನ್ನಾಗಿದೆ ಅಂತಲೇ ಅರ್ಥ. ಬೆರಳು ತೆಗೆದ ಕೂಡಲೇ ಕಡ್ಡಿ ಹಳಿಯ ಕೊನೆ ದಾಟಿ ಕೆಳಗೆ ಬಿತ್ತು. ಅಯಸ್ಕಾಂತವನ್ನು ಯಾರೂ ಮುಟ್ಟಿರಲಿಲ್ಲ.

ಇದೇ ಉಪಾಯ ಎಲ್ಲ ಕಡೆಗೂ ನಡೆಯುತ್ತದೆ. ಕರೆಂಟು ಹರಿಯುತ್ತಿರುವಾಗ ಪ್ರತಿ ಜೋಡಣೆಯ ಆಚೆ ಈಚೆ ವೋಲ್ಟೇಜ್ ಅಳೆಯುತ್ತಾ ಹೋಗಿ. ಕ್ಲಿಪ್, ಸ್ವಿಚ್, ಸೆಲ್ ಕೂರಿಸುವ ಡಬ್ಬಿಯ ಸ್ಪ್ರಿಂಗ್, ಬೆಸುಗೆ. ಎಲ್ಲಿ ಜಾಸ್ತಿ ವೋಲ್ಟ್ ಬೀಳುತ್ತದೋ ಅಲ್ಲೇ ಕಳ್ಳ.

ಕಡ್ಡಿ ಓಡುವಾಗ ಹುಟ್ಟುವ ವಿರುದ್ಧ ವೋಲ್ಟೇಜ್ ಕರೆಂಟನ್ನು ತಡೆಯುತ್ತಿರಬಹುದು ಅಂತ ಕೆಲವರು ಹೇಳುತ್ತಾರೆ. ಮಾತು ಸರಿ, ಆದರೆ ಈ ಅಳತೆಯ ಹಳಿಯಲ್ಲಿ ಅದು ಎಷ್ಟು? 0.1 ಟೆಸ್ಲಾ, 2 ಸೆಂಟಿಮೀಟರ್, ಸೆಕೆಂಡಿಗೆ ಅರ್ಧ ಮೀಟರ್ ವೇಗ. ಗುಣಿಸಿದರೆ 1 ಮಿಲಿವೋಲ್ಟ್. ಅದನ್ನು ಮರೆತುಬಿಡಿ.

ಅರ್ಧ ದಾರಿಯಲ್ಲಿ ನಿಲ್ಲುವ ಕಡ್ಡಿ

ಕರೆಂಟು ಸರಿಯಿದೆ, ಹಳಿ ಮಟ್ಟವಾಗಿದೆ, ಕಡ್ಡಿ ಹೊರಡುತ್ತದೆ, ಆದರೆ ಒಂದು ಬಿಲ್ಲೆಯ ದೂರ ಹೋಗಿ ಅಲ್ಲೇ ಹಿಂದೆ ಮುಂದೆ ತೂಗಾಡುತ್ತದೆ. ಈಗ ಅಯಸ್ಕಾಂತದ ಸರದಿ.

ಬಿಲ್ಲೆಗಳನ್ನು ಅಕ್ಕಪಕ್ಕ ಜೋಡಿಸುವಾಗ ನೆನಪಿಸಿಕೊಳ್ಳಿ. ಎಲ್ಲದರ ಉತ್ತರ ಧ್ರುವ ಮೇಲೆ ಇರುವ ಹಾಗೆ ಇಡಲು ಹೋದರೆ ಅವು ಒಂದನ್ನೊಂದು ದೂಡುತ್ತವೆ. ಕೈ ಸ್ವಲ್ಪ ಸಡಿಲವಾದರೆ ಸಾಕು, ಒಂದು ಟಪ್ಪನೆ ಮಗುಚಿಕೊಂಡು ಪಕ್ಕದ್ದಕ್ಕೆ ಅಂಟಿಕೊಳ್ಳುತ್ತದೆ. ಜೋಡಣೆ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಧ್ರುವಗಳು ಒಂದು ಮೇಲೆ ಒಂದು ಕೆಳಗೆ ಆಗಿಬಿಟ್ಟಿವೆ. ಮೊದಲ ಬಿಲ್ಲೆ ಕಡ್ಡಿಯನ್ನು ಮುಂದಕ್ಕೆ ದೂಡುತ್ತದೆ, ಎರಡನೆಯದು ಹಿಂದಕ್ಕೆ ದೂಡುತ್ತದೆ. ಕಡ್ಡಿ ಎರಡರ ಗಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಪರೀಕ್ಷೆ ಸುಲಭ. ಇನ್ನೊಂದು ಬಿಲ್ಲೆಗೆ ಒಂದು ಬದಿಯಲ್ಲಿ ಪೆನ್ನಿನಿಂದ ಗುರುತು ಹಾಕಿ. ಗುರುತು ಮೇಲೆ ಇರುವ ಹಾಗೆ ಗಟ್ಟಿಯಾಗಿ ಹಿಡಿದು ಸಾಲಿನ ಪ್ರತಿ ಬಿಲ್ಲೆಯ ಮೇಲೂ ಸ್ವಲ್ಪ ಎತ್ತರದಲ್ಲಿ ತನ್ನಿ. ಎಲ್ಲವೂ ಎಳೆಯಬೇಕು, ಅಥವಾ ಎಲ್ಲವೂ ದೂಡಬೇಕು. ಒಂದು ಬೇರೆ ಥರ ವರ್ತಿಸಿದರೆ ಅದನ್ನು ಮಗುಚಿ, ಈ ಸಲ ಅಂಟು ಹಾಕಿ ಕೂರಿಸಿ.

ಇದಕ್ಕೆ ದಿಕ್ಸೂಚಿಯನ್ನು ಬಳಸಬಾರದೇ ಅಂತ ಕೇಳಬಹುದು. ಬಳಸಬಹುದು, ಹುಷಾರಾಗಿ. ಬಲವಾದ ನಿಯೋಡಿಮಿಯಂ ಬಿಲ್ಲೆಗೆ ತೀರಾ ಹತ್ತಿರ ಹೋದರೆ ಮುಳ್ಳಿನ ಧ್ರುವವೇ ಅದಲು ಬದಲಾಗಿಬಿಡಬಹುದು. ಆಮೇಲೆ ಅದು ದಕ್ಷಿಣವನ್ನು ಉತ್ತರ ಅಂತ ತೋರಿಸುತ್ತಾ ಇರುತ್ತದೆ. ಬಲದ ದಿಕ್ಕು ಹೇಳುವ ಎಡಗೈ ನಿಯಮ (ಮುಂದೆ ಬರುತ್ತದೆ) ಹಾಕಿದರೆ ಪ್ರತಿ ಸಲ ಬಲದ ದಿಕ್ಕು ಉಲ್ಟಾ ಬರುತ್ತದೆ, ನಿಯಮವೇ ತಪ್ಪೇನೋ ಅನ್ನಿಸುತ್ತದೆ. ದಿಕ್ಸೂಚಿಯನ್ನು ನಂಬುವ ಮೊದಲು ಅಯಸ್ಕಾಂತಗಳಿಂದ ದೂರ ಒಯ್ದು, ಸೂರ್ಯ ಹುಟ್ಟುವ ದಿಕ್ಕನ್ನು ನೋಡಿಕೊಂಡು, ಉತ್ತರ ಸರಿಯಿದೆಯೇ ಅಂತ ನೋಡಿ.

ಬಿಲ್ಲೆ ಹಿಂದೆ ಯಾವಾಗಲಾದರೂ ಚೆನ್ನಾಗಿ ಕಾದಿತ್ತೇ ಅಂತಲೂ ಯೋಚಿಸಿ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶಕ್ತಿ ಕಳೆದುಕೊಳ್ಳಲು ಶುರು ಮಾಡುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ವಾಪಸ್ ಬರುವುದಿಲ್ಲ. ಬೆಸುಗೆ ಕಡ್ಡಿ ತಾಗಿಸಿದ ಬಿಲ್ಲೆ ದುರ್ಬಲವಾಗಲು ಇದೇ ಕಾರಣ.

ಬಲ ಇದೆ, ಆದರೆ ಬೇರೆ ಕಡೆಗೆ

ಎಲ್ಲ ಸರಿಯಿದ್ದೂ ತಂತಿ ಅಲುಗದಿದ್ದರೆ ಅದು ಅಲುಗಲು ಜಾಗವೇ ಇಲ್ಲದ ದಿಕ್ಕಿಗೆ ಬಲ ಬೀಳುತ್ತಿರಬಹುದು. ಈ ಬಲ ತಂತಿಯನ್ನು ಅಯಸ್ಕಾಂತದ ಕಡೆಗೆ ಎಳೆಯುವುದಿಲ್ಲ, ದೂರವೂ ದೂಡುವುದಿಲ್ಲ. ಕರೆಂಟಿಗೂ ಕ್ಷೇತ್ರಕ್ಕೂ ಎರಡಕ್ಕೂ ಅಡ್ಡವಾಗಿ ಹೋಗುತ್ತದೆ. ಎಡಗೈಯ ತೋರುಬೆರಳು ಕ್ಷೇತ್ರ, ನಡುಬೆರಳು ಕರೆಂಟು, ಹೆಬ್ಬೆರಳು ಬಲ. ಮೂರನ್ನೂ ಒಂದಕ್ಕೊಂದು ನೇರ ಅಡ್ಡವಾಗಿ ಹಿಡಿದು ನೋಡಿ. ತಂತಿ ಮೇಜಿನ ಮೇಲೆ ಮಲಗಿದ್ದು, ಕ್ಷೇತ್ರವೂ ಮೇಜಿಗೆ ಸಮಾನಾಂತರವಾಗಿದ್ದರೆ ಹೆಬ್ಬೆರಳು ಮೇಲಕ್ಕೋ ಕೆಳಕ್ಕೋ ತೋರಿಸುತ್ತದೆ. ಕೆಳಕ್ಕಾದರೆ ತಂತಿ ಮೇಜನ್ನು ಒತ್ತುತ್ತಾ ಕೂತಿದೆ, ಪಾಪ, ನಮಗೆ ಕಾಣುತ್ತಿಲ್ಲ.

ಕಾಣುವ ಹಾಗೆ ಮಾಡಲು ನನಗೆ ತುಂಬಾ ಇಷ್ಟವಾದ ದಾರಿಯೊಂದಿದೆ. 0.01 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಎರಡು ಬಿಲ್ಲೆಗಳನ್ನು ವಿರುದ್ಧ ಧ್ರುವಗಳು ಎದುರುಬದುರು ಆಗುವ ಹಾಗೆ, ನಡುವೆ ಸಂದು ಬಿಟ್ಟು, ಮರದ ತುಂಡಿನ ಮೇಲೆ ನಿಲ್ಲಿಸಿ. ಅದನ್ನು ತಕ್ಕಡಿಯ ಮೇಲಿಡಿ. ಮರ ಸ್ವಲ್ಪ ದಪ್ಪ ಇರಲಿ, ಅಯಸ್ಕಾಂತ ತಕ್ಕಡಿಯ ಒಳಭಾಗಕ್ಕೆ ಹತ್ತಿರವಾದರೆ ಅಂಕೆ ಏರುಪೇರಾಗುತ್ತದೆ. ಗಟ್ಟಿ ತಾಮ್ರದ ತಂತಿಯೊಂದನ್ನು ಸಂದಿನೊಳಗೆ ಹಾಯಿಸಿ, ಎರಡೂ ಬದಿಯನ್ನು ಸ್ಟ್ಯಾಂಡಿಗೆ ಬಿಗಿಯಿರಿ. ತಂತಿ ಅಯಸ್ಕಾಂತವನ್ನೂ ಮರವನ್ನೂ ಎಲ್ಲೂ ಮುಟ್ಟಬಾರದು. ತಕ್ಕಡಿಯನ್ನು ಸೊನ್ನೆಗೆ ತಂದು ಕರೆಂಟು ಬಿಡಿ.

ತಂತಿ ಬಿಗಿಯಾಗಿದೆ, ಅದು ಅಲುಗುವ ಹಾಗಿಲ್ಲ. ಆದರೆ ಅಯಸ್ಕಾಂತ ತಂತಿಯನ್ನು ಮೇಲಕ್ಕೆ ದೂಡಿದರೆ ತಂತಿ ಅಯಸ್ಕಾಂತವನ್ನು ಅಷ್ಟೇ ಬಲದಿಂದ ಕೆಳಕ್ಕೆ ದೂಡುತ್ತದೆ. ತಕ್ಕಡಿ ಅದನ್ನು ತೂಕ ಅಂತ ಓದುತ್ತದೆ. ಮೊದಲಿನ ಲೆಕ್ಕದ ಅಂಕಿಗಳೇ ಆದರೆ 0.41 ಗ್ರಾಂ. ಕರೆಂಟು ತಿರುಗಿಸಿದರೆ ಸೊನ್ನೆಗಿಂತ 0.41 ಕೆಳಗೆ. ಕರೆಂಟನ್ನು ಅರ್ಧ ಮಾಡಿದರೆ ಅಂಕೆಯೂ ಅರ್ಧ. ಏನೂ ಅಲುಗದ ಒಂದು ಜೋಡಣೆಯಲ್ಲಿ ಬರೀ ಸ್ವಿಚ್ ಒತ್ತಿದ್ದಕ್ಕೆ ತೂಕ ಬದಲಾಗುವುದನ್ನು ನೋಡಿದ ಮಕ್ಕಳು ಮತ್ತೆ ಮತ್ತೆ ಒತ್ತಿಸುತ್ತಾರೆ. ದೋಷ ಹುಡುಕುವವರಿಗೆ ಇದರ ಲಾಭ ಇನ್ನೂ ದೊಡ್ಡದು. ಘರ್ಷಣೆಯ ಗೊಡವೆಯೇ ಇಲ್ಲದೆ ಬಲ ಮಾತ್ರ ಸಿಗುತ್ತದೆ. ಇಲ್ಲಿ ಅಂಕೆ ಸರಿ ಬಂದು ಹಳಿಯ ಮೇಲೆ ಕಡ್ಡಿ ಉರುಳದಿದ್ದರೆ ದೋಷ ಹಳಿಯಲ್ಲಿದೆ.

ಸಣ್ಣ ಪುಟ್ಟ ಇನ್ನಷ್ಟು

ತಂತಿ ಒಂದು ಕಡೆಗೆ ಹೋಗದೆ ಝುಂಯ್ ಎಂದು ಕಂಪಿಸುತ್ತಿದ್ದರೆ ನೀವು ಕೊಟ್ಟಿರುವುದು ಎಸಿ. ಕರೆಂಟು ದಿಕ್ಕು ಬದಲಿಸಿದಷ್ಟು ಸಲ ಬಲವೂ ಬದಲಿಸುತ್ತದೆ. ಟ್ರಾನ್ಸ್‌ಫಾರ್ಮರ್ ಮಾತ್ರ ಇದ್ದು, ಎಸಿಯನ್ನು ಒಂದೇ ದಿಕ್ಕಿನ ಕರೆಂಟಾಗಿಸುವ ರೆಕ್ಟಿಫೈಯರ್ ಇಲ್ಲದ ಸಪ್ಲೈ ಇರಬಹುದು, ನೋಡಿ.

ಹೋಗುವ ತಂತಿ ಮತ್ತು ಬರುವ ತಂತಿ ಎರಡೂ ಅಂಟಿಕೊಂಡು ಕ್ಷೇತ್ರದೊಳಗೆ ಹಾದರೆ ಒಂದರ ಬಲ ಇನ್ನೊಂದನ್ನು ಹೊಡೆದುಹಾಕುತ್ತದೆ. ವಾಪಸ್ ತಂತಿಯನ್ನು ದೂರದಿಂದ ತನ್ನಿ.

ಎನಾಮಲ್ ತಂತಿಯ ಸುರುಳಿಯಿಂದ ಮಾಡುವ ಪುಟ್ಟ ಮೋಟಾರಿನಲ್ಲಿ ಎರಡು ಥರದ ತಪ್ಪು. ಎನಾಮಲ್ ಕೆರೆಯದೇ ಇದ್ದರೆ ಕರೆಂಟೇ ಇಲ್ಲ. ಎರಡೂ ತುದಿಯಲ್ಲಿ ಸುತ್ತಲೂ ಪೂರ್ತಿ ಕೆರೆದರೆ ಸುರುಳಿ ಕಾಲು ಸುತ್ತು ತಿರುಗಿ ತೂಗಾಡುತ್ತಾ ನಿಲ್ಲುತ್ತದೆ. ಅರ್ಧ ಸುತ್ತಿನಲ್ಲಿ ಮುಂದಕ್ಕೆ ತಿರುಗಿಸಿದ ಬಲ ಉಳಿದರ್ಧದಲ್ಲಿ ಹಿಂದಕ್ಕೆ ತಿರುಗಿಸುತ್ತದೆ. ಒಂದು ತುದಿಯನ್ನು ಪೂರ್ತಿ, ಇನ್ನೊಂದರಲ್ಲಿ ಅರ್ಧ ಬದಿ ಮಾತ್ರ ಕೆರೆಯಿರಿ. ಹಿಂದಕ್ಕೆ ಎಳೆಯುವ ಹೊತ್ತಿನಲ್ಲಿ ಕರೆಂಟು ತಾನಾಗಿ ಕಡಿಯುತ್ತದೆ.

ಅಯಸ್ಕಾಂತವೇ ಇಲ್ಲದೆ ಎರಡು ಫಾಯಿಲ್ ಪಟ್ಟಿಗಳನ್ನು ಹತ್ತಿರ ತೂಗುಬಿಟ್ಟು ಮಾಡುವ ಪ್ರಯೋಗದಲ್ಲಿ ಜನ ದಿಕ್ಕನ್ನೇ ತಪ್ಪು ತಿಳಿಯುತ್ತಾರೆ. ಒಂದೇ ದಿಕ್ಕಿನ ಕರೆಂಟುಗಳು ಹತ್ತಿರ ಬರುತ್ತವೆ, ವಿರುದ್ಧ ದಿಕ್ಕಿನವು ದೂರ ಹೋಗುತ್ತವೆ. ಒಂದೇ ಥರದವು ದೂಡುತ್ತವೆ ಅನ್ನುವ ಆವೇಶಗಳ ನಿಯಮವನ್ನು ಇಲ್ಲಿಗೆ ತರಬೇಡಿ. ಬಲವೂ ಬಹಳ ಸಣ್ಣದು. 1 ಸೆಂಟಿಮೀಟರ್ ಅಂತರ, ತಲಾ 5 ಆಂಪಿಯರ್, 30 ಸೆಂಟಿಮೀಟರ್ ಉದ್ದ ಇದ್ದರೆ ಸುಮಾರು 15 ಮಿಲಿಗ್ರಾಂ ತೂಕದಷ್ಟು. ಅದಕ್ಕೇ ದಪ್ಪ ತಂತಿ ಬೇಡ, ಫಾಯಿಲ್ ಬೇಕು. 1948ರಿಂದ 2019ರವರೆಗೆ ಆಂಪಿಯರ್ ಅನ್ನುವ ಅಳತೆಯೇ ಈ ಬಲದ ಮೇಲೆ ನಿಂತಿತ್ತು. ಒಂದು ಮೀಟರ್ ಅಂತರದ ಎರಡು ತಂತಿಗಳ ನಡುವೆ, ಪ್ರತಿ ಮೀಟರ್ ಉದ್ದಕ್ಕೆ, ಒಂದು ನ್ಯೂಟನ್ನಿನ ಕೋಟಿ ಪಾಲಿನಲ್ಲಿ ಎರಡು ಪಾಲು ಬಲ ಬಂದರೆ ತಲಾ ಕರೆಂಟು ಒಂದು ಆಂಪಿಯರ್.

ತಂತಿ ಇಲ್ಲದ ಕರೆಂಟು

ತಂತಿಯ ಮೇಲೆ ಬೀಳುವ ಬಲ ನಿಜಕ್ಕೂ ಒಳಗೆ ಚಲಿಸುವ ಎಲೆಕ್ಟ್ರಾನುಗಳ ಮೇಲೆ ಬೀಳುವ ಬಲ. 1 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ ಸಾಗುತ್ತವೆ. ಅಷ್ಟು ನಿಧಾನ. ಆದರೆ ಸಂಖ್ಯೆ ಲೆಕ್ಕಕ್ಕೆ ಸಿಗದಷ್ಟು, ಅದಕ್ಕೇ ಕಡ್ಡಿ ಉರುಳುತ್ತದೆ.

ಎಲೆಕ್ಟ್ರಾನ್ ಕಿರಣದ ಗಾಜಿನ ಟ್ಯೂಬಿನಲ್ಲಿ ಇದೇ ಬಲ ಬರಿಗಣ್ಣಿಗೆ ಕಾಣುತ್ತದೆ. 100 ವೋಲ್ಟಿನಲ್ಲಿ ಹೊರಟ ಎಲೆಕ್ಟ್ರಾನ್ 1 ಮಿಲಿಟೆಸ್ಲಾ ಕ್ಷೇತ್ರದಲ್ಲಿ 3.4 ಸೆಂಟಿಮೀಟರ್ ತ್ರಿಜ್ಯದ ವೃತ್ತ ಬಿಡಿಸಬೇಕು. ಟ್ಯೂಬಿನ ಸಪ್ಲೈ ಅಪಾಯದ ವೋಲ್ಟೇಜಿನದು. ಆಫ್ ಮಾಡದೆ ಯಾವ ತಂತಿಯನ್ನೂ ಮುಟ್ಟಬೇಡಿ.

ಈ ಕ್ಷೇತ್ರವನ್ನು ಹುಟ್ಟಿಸುವುದು ಟ್ಯೂಬಿನ ಎರಡೂ ಬದಿಯ ತಂತಿ ಸುರುಳಿಗಳು. ಅವುಗಳಲ್ಲಿ ಕರೆಂಟು ಇದ್ದೂ ಕಿರಣ ನೇರವಾಗಿಯೇ ಹೋದರೆ ಎರಡು ಸುರುಳಿಗಳು ಒಂದಕ್ಕೊಂದು ವಿರುದ್ಧವಾಗಿ ಜೋಡಣೆಯಾಗಿವೆ. ನಡುವೆ ಕ್ಷೇತ್ರ ಸೊನ್ನೆ. ಒಂದು ಸುರುಳಿಯ ತಂತಿಗಳನ್ನು ಮಾತ್ರ ಅದಲು ಬದಲು ಮಾಡಿ. ವೃತ್ತದ ಬದಲು ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಪಕ್ಕಕ್ಕೆ ಸರಿದರೆ ಕಿರಣ ಕ್ಷೇತ್ರಕ್ಕೆ ನೇರ ಅಡ್ಡವಾಗಿಲ್ಲ, ಟ್ಯೂಬನ್ನು ಸ್ವಲ್ಪ ತಿರುಗಿಸಿ. ಕಿರಣ ನಿಯಮಕ್ಕೆ ವಿರುದ್ಧ ದಿಕ್ಕಿಗೆ ಬಾಗಿದರೆ ನೆನಪಿಡಿ, ಎಲೆಕ್ಟ್ರಾನ್ ಋಣ ಆವೇಶದ್ದು. ನಡುಬೆರಳನ್ನು ಅದು ಹೋಗುವ ದಿಕ್ಕಿಗಲ್ಲ, ಅದರ ವಿರುದ್ಧ ದಿಕ್ಕಿಗೆ ಹಿಡಿಯಬೇಕು. ವೃತ್ತ ಗಾಜಿಗೆ ಬಡಿಯುತ್ತಿದ್ದರೆ ಸುರುಳಿಯ ಕರೆಂಟು ಹೆಚ್ಚಿಸಿ, ಅಥವಾ ವೋಲ್ಟೇಜ್ ಇಳಿಸಿ. ವೋಲ್ಟೇಜ್ ನಾಲ್ಕು ಪಟ್ಟಾದರೆ ತ್ರಿಜ್ಯ ಎರಡು ಪಟ್ಟಾಗುತ್ತದೆ.

ಇನ್ನು ಸುರುಳಿಗೆ ಕರೆಂಟೇ ಕೊಡದೆ ಕಿರಣದ ಚುಕ್ಕೆ ನಡುವಿನಿಂದ ಪಕ್ಕಕ್ಕೆ ಬೀಳುವ ದೋಷ. ಟ್ಯೂಬಿನ ಕಿರಣದ ಗನ್ ಸೊಟ್ಟ ಆಗಿದೆ ಅಂತ ಅದನ್ನು ಬದಿಗಿಟ್ಟವರನ್ನು ನೋಡಿದ್ದೇನೆ. ಬೇಜಾರಾಗುತ್ತದೆ. ಭೂಮಿಯ ಕಾಂತಕ್ಷೇತ್ರ ಎಲ್ಲ ಕಡೆ ಇದೆ, ಜಾಗಕ್ಕೆ ತಕ್ಕಂತೆ ಸುಮಾರು 25ರಿಂದ 65 ಮೈಕ್ರೋಟೆಸ್ಲಾ. ನಮ್ಮ ಹಳಿಯ ಕಡ್ಡಿಗೆ ಅದು ಲೆಕ್ಕಕ್ಕಿಲ್ಲ. 2 ಆಂಪಿಯರಿನ 5 ಸೆಂಟಿಮೀಟರ್ ತಂತಿಯ ಮೇಲೆ 50 ಮೈಕ್ರೋಟೆಸ್ಲಾದ ಬಲ ಅರ್ಧ ಮಿಲಿಗ್ರಾಂ ತೂಕದಷ್ಟು. ಆದರೆ ಎಲೆಕ್ಟ್ರಾನ್ ಹಗುರ. 100 ವೋಲ್ಟಿನ ಎಲೆಕ್ಟ್ರಾನ್ 20 ಸೆಂಟಿಮೀಟರ್ ಸಾಗುವಷ್ಟರಲ್ಲಿ ಅದೇ ಕ್ಷೇತ್ರ ಅದನ್ನು 3 ಸೆಂಟಿಮೀಟರ್ ಪಕ್ಕಕ್ಕೆ ಸರಿಸಬಲ್ಲದು. ಟ್ಯೂಬನ್ನು ಬುಡ ಸಮೇತ ಮೆಲ್ಲಗೆ ತಿರುಗಿಸುತ್ತಾ ಹೋಗಿ, ಬೇಕಾದರೆ ಸ್ವಲ್ಪ ಬಾಗಿಸಿ. ಕಿರಣ ಭೂಮಿಯ ಕ್ಷೇತ್ರದ ದಿಕ್ಕಿಗೆ ಸರಿಯಾಗಿ ಬಂದ ಜಾಗದಲ್ಲಿ ಬಲ ಸೊನ್ನೆಯಾಗುತ್ತದೆ. ಚುಕ್ಕೆ ತಾನಾಗಿ ನಡುವಿಗೆ ಬಂದು ನಿಲ್ಲುತ್ತದೆ.